ಕೇಳುವವರಿಲ್ಲದ ಮನೆ: ತಾಮಾರಳ ಮೌನದ ಒಂದು ಓದು

ಪೀಠಿಕೆ

‘ಮಾತು ಬೆಳ್ಳಿ, ಮೌನ ಬಂಗಾರ’ ಎಂಬ ಗಾದೆಯನ್ನು ಕೇಳಿ ಬೆಳೆದವರು ನಾವು. ಗುರುಮಠದ ದಿನಚರಿ ಆ ಗಾದೆಗೆ ಇನ್ನಷ್ಟು ಬೆಲೆ ತಂದುಕೊಟ್ಟಿದೆ. ರಾತ್ರಿಯ ಪ್ರಾರ್ಥನೆಯ ನಂತರದ ಮಹಾಮೌನ, ಧ್ಯಾನಕೂಟದ ಮೌನ, ಪರಮಪ್ರಸಾದ ಸ್ವೀಕಾರದ ನಂತರದ ಮೌನ – ಇವೆಲ್ಲವೂ ದೇವರ ಸಾನ್ನಿಧ್ಯಕ್ಕೆ ಮನಸ್ಸನ್ನು ಅಣಿಗೊಳಿಸುವ ಸಾಧನಗಳೆಂದು ನಾವು ಕಲಿತಿದ್ದೇವೆ, ಕಲಿಸುತ್ತಲೂ ಇದ್ದೇವೆ. ಅದು ಸರಿಯಾದ ಪಾಠವೇ. ಆದರೆ ಎಲ್ಲ ಮೌನವೂ ಒಂದೇ ಬಗೆಯದಲ್ಲ. ತನ್ನ ನೋವನ್ನು ಹೇಳಿಕೊಳ್ಳಲು ಯಾರೂ ಇಲ್ಲದೆ, ಹೇಳಿದರೂ ಕಿವಿಗೊಡುವವರಿಲ್ಲದೆ, ಒಬ್ಬ ವ್ಯಕ್ತಿ ಕ್ರಮೇಣ ಮಾತನ್ನೇ ಕೈಬಿಡುವ ಮೌನವೂ ಒಂದುಂಟು. ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ. ಪ್ರಾರ್ಥನಾಮಂದಿರದ ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ ಕುಳಿತವರ ಮೌನ ಯಾವ ಬಗೆಯದು ಎಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು.

ಈ ಎರಡನೆಯ ಮೌನವನ್ನು ಗುರುತಿಸಲು ಸಾಹಿತ್ಯವು ನಮಗೆ ನೆರವಾಗುತ್ತದೆ. ವಿಶ್ವಗುರು ಫ್ರಾನ್ಸಿಸ್ ಅವರು 2024ರ ಜುಲೈ 17ರಂದು ಸಾಹಿತ್ಯದ ಪಾತ್ರವನ್ನು ಕುರಿತು ಒಂದು ಪತ್ರವನ್ನು ಬರೆದರು. ಯಾಜಕರ ರೂಪಣೆಯನ್ನು ಮನಸ್ಸಿನಲ್ಲಿಟ್ಟು ಆರಂಭವಾದ ಆ ಚಿಂತನೆ ಎಲ್ಲ ಕ್ರೈಸ್ತರಿಗೂ ಅನ್ವಯಿಸುವಂತೆ ವಿಸ್ತಾರಗೊಂಡಿತು. ಇನ್ನೊಬ್ಬರ ದನಿಗೆ ಕಿವಿಗೊಡುವ ಅಭ್ಯಾಸ ಸಾಹಿತ್ಯದ ಓದಿನಿಂದ ಬೆಳೆಯುತ್ತದೆಂಬುದು ಅಲ್ಲಿನ ಮುಖ್ಯ ವಿಚಾರಗಳಲ್ಲೊಂದು. ಪವಿತ್ರ ಗ್ರಂಥವೂ ಸಾಹಿತ್ಯವೇ ಆಗಿರುವುದರಿಂದ, ಈ ಅಭ್ಯಾಸವನ್ನು ನಮ್ಮ ಕೈಯಲ್ಲಿರುವ ಪುಸ್ತಕದಿಂದಲೇ ಆರಂಭಿಸಬಹುದು.

ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯದಲ್ಲಿ ಬರುವ ದಾವೀದನ ಮಗಳು ತಾಮಾರಳ ಕಥೆಯನ್ನು ಪ್ರಸ್ತುತ ಲೇಖನಕ್ಕೆ ಆರಿಸಿಕೊಂಡಿದ್ದೇನೆ. (ಆದಿಕಾಂಡ 38ರಲ್ಲಿ ಬರುವ ಯೂದನ ಸೊಸೆ ತಾಮಾರಳು ಬೇರೆ.) ವ್ಯಕ್ತಿಯೊಬ್ಬರ ಮೌನಕ್ಕೆ ಕಾರಣವನ್ನು ಅವರ ಬಾಯಿಯಲ್ಲಿ ಹುಡುಕುವ ಮೊದಲು ಸುತ್ತಲಿನವರ ಕಿವಿಯಲ್ಲಿ ಹುಡುಕಬೇಕು ಎಂಬುದನ್ನು ಈ ಕಥೆ ತೋರಿಸುತ್ತದೆ ಎಂಬುದೇ ಇಲ್ಲಿನ ಪ್ರತಿಪಾದನೆ.

ಮಿತಭಾಷೆಯ ಕಥನ

ಬೈಬಲ್ಲಿನ ಕಥನಕಾರರು ಮಿತಭಾಷಿಗಳು. ಜರ್ಮನ್ ವಿದ್ವಾಂಸ ಎರಿಕ್ ಔಯರ್‌ಬಾಖ್ ತಮ್ಮ ‘ಮಿಮೆಸಿಸ್’ (1946) ಗ್ರಂಥದ ಮೊದಲ ಅಧ್ಯಾಯದಲ್ಲಿ ಹೋಮರನ ಮಹಾಕಾವ್ಯವನ್ನೂ ಅಬ್ರಹಾಮನು ಈಸಾಕನನ್ನು ಬಲಿಗೆ ಕರೆದೊಯ್ಯುವ ಪ್ರಸಂಗವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರು. ಹೋಮರನಲ್ಲಿ ಎಲ್ಲವೂ ಬೆಳಕಿಗೆ ಬರುತ್ತದೆ. ವಸ್ತು, ಉಡುಗೆ, ಭಾವನೆ, ಹಿನ್ನೆಲೆ ಯಾವುದನ್ನೂ ಕವಿ ಬಚ್ಚಿಡುವುದಿಲ್ಲ. ಆದಿಕಾಂಡದಲ್ಲಾದರೋ ಮೂರು ದಿನಗಳ ಪ್ರಯಾಣದಲ್ಲಿ ತಂದೆ ಮಗನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಹೇಳಿಲ್ಲ. ಹೇಳದೆ ಉಳಿದದ್ದೇ ಕಥೆಯ ಭಾರವನ್ನು ಹೊರುತ್ತದೆ.

ಇಂತಹ ಕಥನದಲ್ಲಿ ಪಾತ್ರವೊಂದು ಮಾತು ನಿಲ್ಲಿಸಿದರೆ ಓದುಗನು ಅದನ್ನು ಆಕಸ್ಮಿಕವೆಂದು ಬಿಡುವಂತಿಲ್ಲ. ತಾಮಾರಳ ಕಥೆಯಲ್ಲಿ ಮೌನವು ಒಂಟಿತನದ ಸಂಕೇತವಾಗುವುದು ಹಲವು ವಸ್ತುಗಳ ಮೂಲಕ: ಎಲ್ಲರನ್ನೂ ಹೊರಗೆ ಕಳುಹಿಸಿದ ಕೋಣೆ, ಅಗುಳಿ ಹಾಕಿದ ಬಾಗಿಲು, ಹರಿದ ನಿಲುವಂಗಿ, ಕೊನೆಗೆ ಅಣ್ಣನ ಮನೆ. ಫಿಲಿಸ್ ಟ್ರಿಬಲ್ ಅವರ 1984ರ ‘ಟೆಕ್ಸ್ಟ್ಸ್ ಆಫ್ ಟೆರರ್’ ಗ್ರಂಥವು ಹಾಗರಳು, ನ್ಯಾಯಸ್ಥಾಪಕರ ಗ್ರಂಥದ ಹೆಸರಿಲ್ಲದ ಉಪಪತ್ನಿ, ಯೆಪ್ತಾಹನ ಮಗಳು ಇವರೊಂದಿಗೆ ತಾಮಾರಳ ಕಥೆಯನ್ನೂ ಸೂಕ್ಷ್ಮವಾಗಿ ಓದಿ, ಇದರ ರಚನೆಯತ್ತ ವಿದ್ವಾಂಸರ ಗಮನ ಸೆಳೆಯಿತು. ಆ ದಾರಿಯಲ್ಲಿ ಸಾಗುತ್ತ, ‘ಕೇಳು’ ಎಂಬ ಒಂದೇ ಕ್ರಿಯಾಪದದ ಜಾಡನ್ನು ಹಿಡಿಯೋಣ.

ಮಾತನಾಡಿದವಳು

ಕಥೆಯ ಹೊರರೂಪ ಪರಿಚಿತ. ದಾವೀದನ ಜ್ಯೇಷ್ಠಪುತ್ರ ಅಮ್ನೋನನು ತನ್ನ ಮಲತಂಗಿ ತಾಮಾರಳಲ್ಲಿ ಮೋಹಗೊಳ್ಳುತ್ತಾನೆ. ಸೋದರಸಂಬಂಧಿ ಯೋನಾದಾಬನು ಉಪಾಯ ಹೇಳಿಕೊಡುತ್ತಾನೆ: ರೋಗಿಯಂತೆ ನಟಿಸಿ ಮಲಗು, ತಂಗಿಯ ಕೈಯ ಅಡುಗೆ ಬೇಕೆಂದು ತಂದೆಯನ್ನು ಕೇಳು. ಅರಸನು ಏನನ್ನೂ ವಿಚಾರಿಸದೆ ಮಗಳನ್ನು ಕಳುಹಿಸುತ್ತಾನೆ. ಅವಳು ಹಿಟ್ಟು ನಾದಿ, ಅವನ ಕಣ್ಣೆದುರಿಗೇ ರೊಟ್ಟಿ ಮಾಡುತ್ತಾಳೆ. ಅವನು ಎಲ್ಲರನ್ನೂ ಹೊರಗೆ ಕಳುಹಿಸಿ ಅವಳನ್ನು ಹಿಡಿಯುತ್ತಾನೆ.

ಇಲ್ಲಿ ತಾಮಾರಳು ಮೌನವಾಗಿಲ್ಲ ಎಂಬುದನ್ನು ಗಮನಿಸಬೇಕು. ಇಡೀ ಅಧ್ಯಾಯದಲ್ಲಿ ಅತ್ಯಂತ ವಿವೇಕದ ಮಾತು ಅವಳದೇ. ಬೇಡವೆಂದು ಸ್ಪಷ್ಟವಾಗಿ ನಿರಾಕರಿಸುತ್ತಾಳೆ. ಇಂತಹ ಕೃತ್ಯ ಇಸ್ರಯೇಲಿನಲ್ಲಿ ನಡೆಯತಕ್ಕದ್ದಲ್ಲವೆಂದು ಧರ್ಮವನ್ನು ನೆನಪಿಸುತ್ತಾಳೆ. ತನಗೆ ಒದಗುವ ಅಪಮಾನವನ್ನೂ ಅವನಿಗೆ ಅಂಟುವ ಅಪಕೀರ್ತಿಯನ್ನೂ ಒಟ್ಟಿಗೇ ಮುಂದಿಡುತ್ತಾಳೆ. ಅರಸನೊಡನೆ ಮಾತನಾಡು ಎಂದು ಒಂದು ದಾರಿಯನ್ನೂ ತೋರಿಸುತ್ತಾಳೆ (2 ಸಮು 13:12-13). ಆ ಗಳಿಗೆಯಲ್ಲೂ ತನ್ನ ಮೇಲೆ ಕೈಮಾಡುವವನ ಭವಿಷ್ಯವನ್ನು ಕುರಿತು ಯೋಚಿಸಿದವಳು ಅವಳೊಬ್ಬಳೇ.

ಅದಕ್ಕೆ ಕಥನಕಾರ ಸೇರಿಸುವುದು ಒಂದೇ ಟಿಪ್ಪಣಿ: ಅಮ್ನೋನನು ಅವಳ ದನಿಯನ್ನು ಕೇಳಲೊಪ್ಪಲಿಲ್ಲ (13:14). ಅತ್ಯಾಚಾರದ ಬಳಿಕ ಅವನ ಮೋಹ ದ್ವೇಷವಾಗಿ ತಿರುಗುತ್ತದೆ. ಅವಳನ್ನು ಎದ್ದು ಹೋಗೆನ್ನುತ್ತಾನೆ. ಅವಳು ಮತ್ತೆ ಮಾತನಾಡುತ್ತಾಳೆ. ಹೀಗೆ ಹೊರದೂಡುವುದು ಮೊದಲಿನದಕ್ಕಿಂತಲೂ ದೊಡ್ಡ ಅನ್ಯಾಯವೆನ್ನುತ್ತಾಳೆ. ಕಥನಕಾರ ಅದೇ ಟಿಪ್ಪಣಿಯನ್ನು ಪುನರುಚ್ಚರಿಸುತ್ತಾನೆ: ಅವನು ಅವಳನ್ನು ಕೇಳಲೊಪ್ಪಲಿಲ್ಲ (13:16). ಎರಡು ಕಡೆಯೂ ಹೀಬ್ರೂ ಮೂಲದಲ್ಲಿ ‘ಶಮಾ’, ಅಂದರೆ ಕೇಳು, ಎಂಬ ಧಾತುವೇ ಇದೆ.

ಬಳಿಕ ಅವನು ಸೇವಕನನ್ನು ಕರೆದು ಅವಳನ್ನು ಹೊರಗೆ ಹಾಕಿಸುತ್ತಾನೆ. ಸ್ವಲ್ಪ ಮುಂಚೆ ‘ತಂಗಿ’ ಎಂದು ಕರೆದ ಅದೇ ಬಾಯಿ ಈಗ ಬಳಸುವುದು ‘ಇದನ್ನು’ ಎಂಬರ್ಥದ ಬರಿಯ ಸರ್ವನಾಮ. ಹೀಬ್ರೂ ಮೂಲದಲ್ಲಿ ಅಲ್ಲಿ ‘ಹೆಂಗಸು’ ಎಂಬ ಪದವೂ ಇಲ್ಲ. ಸಂಬಂಧವಾಚಕ ಅಳಿದುಹೋಗಿ ವ್ಯಕ್ತಿ ವಸ್ತುವಾಗುತ್ತಾಳೆ. ಬಾಗಿಲಿಗೆ ಅಗುಳಿ ಬೀಳುತ್ತದೆ. ಅರಸುಕುಮಾರಿಯರು ತೊಡುವ ಅವಳ ನಿಲುವಂಗಿಗೆ ಇಲ್ಲಿ ಬಳಕೆಯಾಗಿರುವ ‘ಕೆತೋನೆತ್ ಪಸ್ಸೀಮ್’ ಎಂಬ ಹೆಸರು ಆದಿಕಾಂಡ 37ರಲ್ಲಿ ಯೋಸೇಫನ ಅಂಗಿಗೂ ಇದೆ. ಅಲ್ಲಿಯೂ ಒಡಹುಟ್ಟಿದವರೇ ಹಿಂಸಿಸುತ್ತಾರೆ. ಯೋಸೇಫನು ಬಾವಿಯೊಳಗಿಂದ ಅಂಗಲಾಚಿದ್ದನ್ನು ಆ ಅಧ್ಯಾಯ ಹೇಳುವುದೇ ಇಲ್ಲ. ಅನೇಕ ವರ್ಷಗಳ ಬಳಿಕ ಅಣ್ಣಂದಿರೇ ಅದನ್ನು ಒಪ್ಪಿಕೊಂಡಾಗ, ಅವನು ಮೊರೆಯಿಟ್ಟರೂ ತಾವು ಕೇಳಲಿಲ್ಲವೆಂಬುದು ನಮಗೆ ತಿಳಿಯುತ್ತದೆ (ಆದಿ 42:21). ಯೋಸೇಫನ ಅಡಗಿಹೋದ ಕೂಗಿಗೆ ಕಥೆಯಲ್ಲಿ ಕೊನೆಗೂ ಒಂದು ಸ್ಥಾನ ಸಿಕ್ಕಿತು. ತಾಮಾರಳಿಗೆ ಅಂತಹ ಅಧ್ಯಾಯವಿಲ್ಲ.

‘ಸುಮ್ಮನಿರು’

ಹೊರಬಿದ್ದ ತಾಮಾರಳು ತಲೆಯ ಮೇಲೆ ಬೂದಿ ಹಾಕಿಕೊಂಡು, ನಿಲುವಂಗಿಯನ್ನು ಹರಿದುಕೊಂಡು, ತಲೆಯ ಮೇಲೆ ಕೈಯಿಟ್ಟು ಕೂಗುತ್ತಾ ಹೋಗುತ್ತಾಳೆ (13:19). ಇಲ್ಲಿ ಕೂಗಿಗೆ ಬಳಕೆಯಾದ ಧಾತು ಈಜಿಪ್ಟಿನ ದಾಸ್ಯದಲ್ಲಿ ಇಸ್ರಯೇಲರು ಇಟ್ಟ ಮೊರೆಗೂ ಬಳಕೆಯಾಗಿದೆ (ವಿಮೋ 2:23). ಅನ್ಯಾಯಕ್ಕೊಳಗಾದವರು ನ್ಯಾಯ ಕೇಳಿ ಬಹಿರಂಗವಾಗಿ ಎತ್ತುವ ದನಿ ಅದು. ಆ ಮೊರೆಯನ್ನು ದೇವರು ಕೇಳಿದರೆಂದು ವಿಮೋಚನಾಕಾಂಡ ಮುಂದಿನ ಮಾತಿನಲ್ಲೇ ಹೇಳುತ್ತದೆ. ಆದ್ದರಿಂದ ಈ ಕೂಗನ್ನು ಓದಿದವರಿಗೆ ಈಗ ಯಾರು ಕೇಳುತ್ತಾರೆ ಎಂಬ ನಿರೀಕ್ಷೆ ಸಹಜ.

ಕೇಳುವವನು ಒಡಹುಟ್ಟಿದ ಅಣ್ಣ ಅಬ್ಷಾಲೋಮ. ನಡೆದದ್ದನ್ನು ಅವನೇ ಊಹಿಸುತ್ತಾನೆ. ಅವಳ ಬಾಯಿಂದ ಕೇಳುವುದಿಲ್ಲ. ಅವನು ಕೊಡುವ ಸಲಹೆಯಲ್ಲಿ ಮೂರು ಅಂಶಗಳಿವೆ: ಈಗ ಸುಮ್ಮನಿರು; ಅವನು ನಿನ್ನ ಸಹೋದರ; ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕನ್ನಡದ ‘ಸುಮ್ಮನಿರು’ ಈ ಸಂದರ್ಭಕ್ಕೆ ಬಹಳ ಸರಿಯಾದ ಪದ. ‘ಮೌನ’ವನ್ನು ನಾವು ವ್ರತವಾಗಿ ಕೈಗೊಳ್ಳುತ್ತೇವೆ, ‘ಸುಮ್ಮನಿರು’ ಎಂಬುದನ್ನು ಇನ್ನೊಬ್ಬರಿಗೆ ಹೇಳುತ್ತೇವೆ. ಅಳುವ ಮಗುವಿಗೆ, ಎದುರಾಡುವ ಸೊಸೆಗೆ, ಪ್ರಶ್ನೆ ಕೇಳುವ ಕಿರಿಯನಿಗೆ ಹೇಳುವ ಮಾತು ಅದು. ಅದರಲ್ಲಿ ಅಕ್ಕರೆಯೂ ಇರಬಹುದು, ಅಧಿಕಾರವೂ ಇರಬಹುದು. ಎಷ್ಟೋ ಸಲ ಎರಡೂ ಬೆರೆತಿರುತ್ತವೆ. ಅಬ್ಷಾಲೋಮನನ್ನು ಕ್ರೂರಿಯೆಂದು ಓದಬೇಕಾಗಿಲ್ಲ. ಅವನು ತಂಗಿಗೆ ಆಶ್ರಯ ಕೊಟ್ಟ. ಅವಳಿಗಾದ ಅನ್ಯಾಯಕ್ಕಾಗಿಯೇ ಅಮ್ನೋನನನ್ನು ದ್ವೇಷಿಸಿದ. ಒಳ್ಳೆಯ ಉದ್ದೇಶವಿದ್ದವನೂ ಬಾಯಿ ಮುಚ್ಚಿಸಬಲ್ಲನೆಂಬುದೇ ಇಲ್ಲಿನ ಕಠಿಣ ಪಾಠ. ಸಹೋದರನೆಂಬ ನಂಟು ತಂಗಿಯನ್ನು ಕಾಯಬೇಕಾಗಿತ್ತು. ಇಲ್ಲಿ ಅದೇ ನಂಟು ಅವಳು ಸುಮ್ಮನಿರಬೇಕಾದ ಕಾರಣವಾಯಿತು. ಮನೆಯ ಮಾತು ಹೊರಗೆ ಹೋಗಬಾರದೆಂಬ ಮರ್ಯಾದೆಯ ಲೆಕ್ಕಾಚಾರ ನಮ್ಮ ಕುಟುಂಬಗಳಿಗೂ ಅಪರಿಚಿತವಲ್ಲ.

ಅದರ ಫಲವನ್ನು ಕಥನಕಾರ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾನೆ: ತಾಮಾರಳು ಅಣ್ಣನ ಮನೆಯಲ್ಲಿ ‘ಶೋಮೇಮಾ’ ಆಗಿ ಉಳಿದಳು (13:20). ಈ ಪದದ ಧಾತು ಹಾಳುಬಿದ್ದ ನಾಡಿಗೆ, ಜನರಿಲ್ಲದ ಪಟ್ಟಣಕ್ಕೆ ಬಳಕೆಯಾಗುವಂಥದು. ಪ್ರಲಾಪಗಳ ಗ್ರಂಥದಲ್ಲಿ ನಾಶವಾದ ಜೆರುಸಲೇಮ್ ಹೆಣ್ಣಾಗಿ ಮಾತನಾಡುವಾಗ ತನ್ನ ಸ್ಥಿತಿಯನ್ನು ಹೇಳಿಕೊಳ್ಳುವುದು ಇದೇ ಪದದಿಂದ (ಪ್ರಲಾ 1:13). ತಾಮಾರಳ ತಲೆಯ ಮೇಲೆ ಸೂರು ಇತ್ತು, ಊಟವೂ ಇದ್ದಿರಬೇಕು. ಒಳಗೆ ಅವಳು ಜನವಸತಿಯಿಲ್ಲದ ಊರಾಗಿದ್ದಳು. ಭಾವನಾತ್ಮಕ ಒಂಟಿತನಕ್ಕೆ ಇದಕ್ಕಿಂತ ನಿಖರವಾದ ರೂಪಕ ಸಿಗುವುದು ಕಷ್ಟ. ಮುಂದೆ ಕಥೆಯಲ್ಲಿ ಅವಳು ಒಂದು ಮಾತನ್ನೂ ಆಡುವುದಿಲ್ಲ.

ಮನೆತುಂಬ ಹರಡಿದ ಮೌನ

ಒಬ್ಬಳ ಬಾಯಿ ಮುಚ್ಚಿಸಿದ ಮಾತ್ರಕ್ಕೆ ವಿಷಯ ಅಲ್ಲಿಗೇ ನಿಲ್ಲುವುದಿಲ್ಲ. ದಾವೀದನು ಎಲ್ಲವನ್ನೂ ಕೇಳಿದನು, ಬಹಳ ಕೋಪಗೊಂಡನು (13:21). ಮೂರನೆಯ ಸಲ ಅದೇ ‘ಶಮಾ’. ಅಮ್ನೋನನು ಕೇಳಲು ಒಪ್ಪಲಿಲ್ಲ; ಅರಸನು ಕೇಳಿಯೂ ಏನೂ ಮಾಡಲಿಲ್ಲ. ಮಗಳನ್ನು ಕಾಣಲು ಹೋದನೆಂದಾಗಲಿ ಮಗನನ್ನು ವಿಚಾರಣೆಗೆ ಕರೆದನೆಂದಾಗಲಿ ಒಂದು ಮಾತಿಲ್ಲ. ಪ್ರಾಚೀನ ಗ್ರೀಕ್ ಅನುವಾದವೂ ಕುಮ್ರಾನಿನ ಒಂದು ಹಸ್ತಪ್ರತಿಯೂ ಇಲ್ಲಿ ಕಾರಣವನ್ನು ಸೇರಿಸುತ್ತವೆ: ಅಮ್ನೋನನು ಚೊಚ್ಚಲ ಮಗನಾದುದರಿಂದ ದಾವೀದನು ಅವನ ಮೇಲಿನ ಪ್ರೀತಿಯಿಂದ ಅವನನ್ನು ನೋಯಿಸಲಿಲ್ಲ. ಬತ್ಷೆಬಳ ಪ್ರಸಂಗದ ಬಳಿಕ ತಂದೆಯ ನಾಲಿಗೆಗೆ ನೈತಿಕ ಬಲ ಉಳಿದಿರಲಿಲ್ಲವೇನೋ ಎಂದು 11 ಮತ್ತು 12ನೆಯ ಅಧ್ಯಾಯಗಳನ್ನು ಓದಿ ಬಂದವರಿಗೆ ಅನ್ನಿಸದಿರದು.

ಅಬ್ಷಾಲೋಮನೂ ಮೌನಿಯಾಗುತ್ತಾನೆ. ಅಮ್ನೋನನೊಂದಿಗೆ ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಆಡುವುದಿಲ್ಲ (13:22). ಎರಡು ವರ್ಷ ಕಳೆಯುತ್ತದೆ. ಬಾಳ್‌ಹಾಚೋರಿನಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಸಂಭ್ರಮಕ್ಕೆ ಅಣ್ಣತಮ್ಮಂದಿರನ್ನೆಲ್ಲ ಆಹ್ವಾನಿಸಿ ಅಮ್ನೋನನನ್ನು ಕೊಲ್ಲಿಸುತ್ತಾನೆ. ಇದು ಆ ದಿನದಿಂದಲೇ ನಿಶ್ಚಯವಾಗಿತ್ತೆಂದು ಆಗ ಅರಸನಿಗೆ ತಿಳಿಸುವವನು ಯೋನಾದಾಬ (13:32). ಉಪಾಯ ಹೇಳಿಕೊಟ್ಟವನಿಗೆ ಎಲ್ಲವೂ ಗೊತ್ತಿತ್ತು. ಅವನೂ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ.

ಅಬ್ಷಾಲೋಮನು ಗೆಷೂರಿಗೆ ಓಡಿಹೋಗಿ ಮೂರು ವರ್ಷ ಇರುತ್ತಾನೆ. ಮರಳಿ ಬಂದ ಮೇಲೂ ಎರಡು ವರ್ಷ ಜೆರುಸಲೇಮಿನಲ್ಲಿದ್ದು ಅರಸನ ಮುಖ ಕಾಣುವುದಿಲ್ಲ (14:28). ಬಳಿಕ ಅವನು ಪಟ್ಟಣದ ಬಾಗಿಲಲ್ಲಿ ನಿಂತು, ನ್ಯಾಯ ಬೇಡಿ ಬರುವವರಿಗೆ ನಿಮ್ಮನ್ನು ಕೇಳುವವರು ಅರಸನ ಕಡೆಯಿಂದ ಯಾರೂ ಇಲ್ಲವೆಂದು ಹೇಳಿ ಜನರ ಮನಸ್ಸನ್ನು ಗೆಲ್ಲುತ್ತಾನೆ (15:3). ‘ಕೇಳುವವರು’ ಎಂಬಲ್ಲಿ ನಾಲ್ಕನೆಯ ಸಲ ಅದೇ ಧಾತು. ಇದು ರಾಜಕೀಯ ತಂತ್ರವೆಂಬುದು ನಿಜ. ಆದರೂ ಆ ದೂರು ಅವನ ಮನೆಯಲ್ಲೇ ಹುಟ್ಟಿತ್ತು. ಅವನ ತಂಗಿಯನ್ನು ಕೇಳುವವರು ಇರಲಿಲ್ಲ. ಅವನೂ ಕೇಳಿರಲಿಲ್ಲ. ತನ್ನ ಮಗಳಿಗೆ ಅವನು ತಾಮಾರ್ ಎಂದು ಹೆಸರಿಟ್ಟನೆಂಬ ವಿವರವನ್ನು ಕಥನಕಾರ ಬಿಟ್ಟಿಲ್ಲ (14:27). ಹೇಳಲಾಗದ ಮಾತು ಆ ಮನೆಯಲ್ಲಿ ಒಂದು ಮಗುವಿನ ಹೆಸರಾಗಿ ಉಳಿಯಿತು.

ವಾಚನಗ್ರಂಥದಲ್ಲಿ ಒಂದು ಭಾನುವಾರ

ಈ ಮೌನದಲ್ಲಿ ನಮ್ಮ ಪಾಲೂ ಇದೆ. ನಮ್ಮ ಲತೀನ್ ಪದ್ಧತಿಯ ವಾಚನಗ್ರಂಥದಲ್ಲಿ ತಾಮಾರಳ ಕಥೆ ಭಾನುವಾರಗಳಲ್ಲೂ ಬರುವುದಿಲ್ಲ, ವಾರದ ದಿನಗಳಲ್ಲೂ ಬರುವುದಿಲ್ಲ. ಸಮಸಂಖ್ಯೆಯ ವರ್ಷಗಳಲ್ಲಿ ಸಾಧಾರಣ ಕಾಲದ ಮೂರನೆಯ ವಾರದ ಶನಿವಾರ ನಾವು 2 ಸಮುವೇಲ 12ನೆಯ ಅಧ್ಯಾಯದಿಂದ ನಾತಾನನ ಖಂಡನೆಯನ್ನು ಓದುತ್ತೇವೆ. ಸೋಮವಾರದ ವಾಚನ 15ನೆಯ ಅಧ್ಯಾಯಕ್ಕೆ ಹಾರುತ್ತದೆ. ದಾವೀದನು ಅಳುತ್ತಾ ಓಲಿವ್ ಗುಡ್ಡವನ್ನು ಏರುತ್ತಾನೆ. ಮಂಗಳವಾರ ಅಬ್ಷಾಲೋಮನ ಮರಣವನ್ನೂ ತಂದೆಯ ಗೋಳನ್ನೂ ಕೇಳುತ್ತೇವೆ. ಮಗ ಏಕೆ ತಿರುಗಿಬಿದ್ದ ಎಂಬುದಕ್ಕೆ ಉತ್ತರವಿರುವ ಅಧ್ಯಾಯ ಶನಿವಾರ ಮತ್ತು ಸೋಮವಾರಗಳ ನಡುವೆ ಅಡಗಿಹೋಗಿದೆ.

ವಾಚನಗ್ರಂಥವು ಎಲ್ಲವನ್ನೂ ಒಳಗೊಳ್ಳಲಾಗದು, ಆಯ್ಕೆ ಅನಿವಾರ್ಯ. ಆದರೆ ಫಲಿತಾಂಶವನ್ನು ಗಮನಿಸಬೇಕು. ದಿನವೂ ಬಲಿಪೂಜೆಯಲ್ಲಿ ಭಾಗವಹಿಸುವ ವಿಶ್ವಾಸಿಯೂ ತಂದೆಯ ಕಣ್ಣೀರನ್ನು ಕೇಳುತ್ತಾನೆ, ಮಗಳ ಕೂಗನ್ನು ಕೇಳುವುದಿಲ್ಲ. ದಕ್ಷಿಣ ಆಫ್ರಿಕದಲ್ಲಿ ಉಜಮಾ ಕೇಂದ್ರವು ಗೆರಾಲ್ಡ್ ವೆಸ್ಟ್ ಮೊದಲಾದವರ ಸಹಭಾಗಿತ್ವದಲ್ಲಿ ‘ತಾಮಾರ್ ಅಭಿಯಾನ’ವನ್ನು ನಡೆಸಿ, ಸಾಮಾನ್ಯ ವಿಶ್ವಾಸಿಗಳು ಗುಂಪಾಗಿ ಕುಳಿತು ಈ ಅಧ್ಯಾಯವನ್ನು ಓದುವಂತೆ ಮಾಡಿತು. ಮನೆಯೊಳಗಿನ ಹಿಂಸೆಯನ್ನು ಕುರಿತು ಧರ್ಮಸಭೆಗಳಲ್ಲಿ ಮಾತು ಆರಂಭವಾಗಲು ಬೈಬಲ್ಲಿನ ಪಠ್ಯವೇ ಅಲ್ಲಿ ಎಡೆಮಾಡಿಕೊಟ್ಟಿತು.

ಎರಡು ಮೌನಗಳಿಗೆ ಒಂದೇ ಪದ

ಹಾಗಾದರೆ ನಾವು ಬೆಲೆಕೊಡುವ ಪ್ರಾರ್ಥನಾಮೌನದ ಗತಿಯೇನು? ಕೀರ್ತನೆಗಳ ಗ್ರಂಥ ಇದಕ್ಕೆ ಸೂಕ್ಷ್ಮವಾದ ಉತ್ತರ ಕೊಡುತ್ತದೆ. 39ನೆಯ ಕೀರ್ತನೆಯಲ್ಲಿ ಭಕ್ತನು ಬಾಯಿಗೆ ಕಡಿವಾಣ ಹಾಕಿಕೊಂಡು ಮೂಕನಾಗುತ್ತಾನೆ. ಅದರಿಂದ ಶಾಂತಿ ದೊರೆಯುವುದಿಲ್ಲ. ನೋವು ಉಲ್ಬಣಗೊಂಡು, ಎದೆಯೊಳಗೆ ಬೆಂಕಿ ಹೊತ್ತಿ, ಕೊನೆಗೆ ಅವನು ಬಾಯಿ ತೆರೆಯುತ್ತಾನೆ. 62ನೆಯ ಕೀರ್ತನೆಯಲ್ಲಾದರೋ ಆತ್ಮವು ದೇವರೊಬ್ಬರ ಕಡೆಗೆ ತಿರುಗಿ ಮೌನವಾಗಿದೆ, ನೆಮ್ಮದಿಯಾಗಿದೆ. ವಿಶೇಷವೆಂದರೆ ಹೀಬ್ರೂ ಮೂಲದಲ್ಲಿ ಎರಡೂ ಕಡೆ ಇರುವುದು ‘ದೂಮಿಯ್ಯಾ’ ಎಂಬ ಒಂದೇ ಪದ.

ಪದ ಒಂದೇ ಆದರೂ ದಿಕ್ಕು ಬೇರೆ. ಮೊದಲನೆಯದು ದುಷ್ಟರ ಎದುರಿನಲ್ಲಿ ಎಚ್ಚರದಿಂದ, ಭಯದಿಂದ ಬಿಗಿದುಕೊಂಡ ಮೌನ. ಎರಡನೆಯದು ಕೇಳುವವರೊಬ್ಬರಿದ್ದಾರೆಂಬ ಭರವಸೆಯಲ್ಲಿ ತಂಗಿರುವ ಮೌನ. ಅದೇ 62ನೆಯ ಕೀರ್ತನೆಯು ಮುಂದುವರಿದು, ದೇವರ ಮುಂದೆ ಹೃದಯವನ್ನು ಬರಿದುಮಾಡಿರೆಂದು ಜನರನ್ನು ಕರೆಯುತ್ತದೆ. ಅಂದರೆ ನೆಮ್ಮದಿಯ ಮೌನದಲ್ಲಿ ತೋಡಿಕೊಳ್ಳುವಿಕೆಗೆ ಎಡೆಯಿದೆ. ತೋಡಿಕೊಳ್ಳಲು ಎಡೆಯಿಲ್ಲದ ಮೌನವನ್ನು ಪ್ರಾರ್ಥನೆಯೆಂದು ಕರೆದರೂ ಅದು ಅಗುಳಿ ಹಾಕಿದ ಕೋಣೆಯೇ.

ಇನ್ನೊಬ್ಬರ ನೋವಿನೆದುರು ನಾವು ವಹಿಸುವ ಮೌನಕ್ಕೂ ಇದೇ ಅಳತೆಗೋಲು ಸಲ್ಲುತ್ತದೆ. ಯೋಬನ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ಒಂದು ಮಾತನ್ನೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತರು (ಯೋಬ 2:13). ಆ ಮೌನದ ಕೊನೆಯಲ್ಲಿ ಬಾಯಿ ತೆರೆದವನು ಯೋಬ. ಗೆಳೆಯರ ಮೌನ ನೊಂದವನಿಗೆ ಮಾತು ಕೊಟ್ಟಿತು. ಅಬ್ಷಾಲೋಮನ ಮಾತು ನೊಂದವಳ ಬಾಯಿ ಕಟ್ಟಿತು. ಗೆಳೆಯರು ಕೆಟ್ಟದ್ದು ಉಪದೇಶಕ್ಕೆ ತೊಡಗಿದ ಮೇಲೆ. ಆದ್ದರಿಂದ ನಮ್ಮ ಮೌನ ಎಂಥದೆಂದು ಪರೀಕ್ಷಿಸಲು ಒಂದು ಸರಳ ಪ್ರಶ್ನೆ ಸಾಕು: ನಾನು ಸುಮ್ಮನಿದ್ದುದರಿಂದ ಎದುರಿನವರು ಮಾತನಾಡಿದರೇ, ಇಲ್ಲವೇ ಅವರೂ ಸುಮ್ಮನಾದರೇ?

ಪಾಲನಾ ಸೇವೆಗೆ ಕೆಲವು ಪರಿಣಾಮಗಳು

ಮೊದಲನೆಯದಾಗಿ, ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಸೂತ್ರವನ್ನು ನೊಂದವರ ವಿಷಯದಲ್ಲಿ ಬಳಸಲೇಬಾರದು. ಇಷ್ಟು ವರ್ಷ ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಧರ್ಮಕೇಂದ್ರಗಳಲ್ಲಿಯೂ ಕೇಳಿಬರುತ್ತದೆ. ತಾಮಾರಳ ಕಥೆ ಆ ಪ್ರಶ್ನೆಯನ್ನು ನಮ್ಮತ್ತ ತಿರುಗಿಸುತ್ತದೆ. ಅವಳು ಎರಡು ಸಲ ಮಾತನಾಡಿದ್ದಳು, ಒಂದು ಸಲ ಕೂಗಿದ್ದಳು. ನಮ್ಮೆದುರಿನ ವ್ಯಕ್ತಿಯೂ ಹಿಂದೆ ಎಷ್ಟು ಸಲ, ಯಾರ್ಯಾರ ಬಳಿ ಹೇಳಲು ಯತ್ನಿಸಿರಬಹುದೆಂದು ನಾವು ಮೊದಲು ಕೇಳಿಕೊಳ್ಳಬೇಕು.

ಎರಡನೆಯದಾಗಿ, ಕ್ಷಮೆ, ಶಿಲುಬೆ, ತಾಳ್ಮೆ ಎಂಬ ನಮ್ಮ ಪವಿತ್ರ ಪದಗಳು ‘ಸುಮ್ಮನಿರು’ ಎಂಬುದರ ಸುಸಂಸ್ಕೃತ ರೂಪಗಳಾಗುವ ಅಪಾಯವಿದೆ. ಕ್ಷಮೆಯ ಬೋಧನೆ ನಮ್ಮ ವಿಶ್ವಾಸದ ತಿರುಳು. ಅದನ್ನು ಕೈಬಿಡುವ ಪ್ರಶ್ನೆಯಿಲ್ಲ. ಆದರೆ ನಡೆದದ್ದನ್ನು ಹೇಳಿ ಮುಗಿಸುವ ಮೊದಲೇ ಕ್ಷಮಿಸೆಂದರೆ ನೊಂದವರಿಗೆ ಕೇಳಿಸುವುದು ಅಬ್ಷಾಲೋಮನ ದನಿಯೇ.

ಮೂರನೆಯದಾಗಿ, ಧರ್ಮಸಭೆಯ ಕಾನೂನೇ ಈಗ ಸ್ಪಷ್ಟವಾಗಿದೆ. 2019ರ ಮೇ ತಿಂಗಳಲ್ಲಿ ವಿಶ್ವಗುರು ಫ್ರಾನ್ಸಿಸ್ ಹೊರಡಿಸಿದ, 2023ರಲ್ಲಿ ಪರಿಷ್ಕೃತ ರೂಪದಲ್ಲಿ ಸ್ಥಿರಗೊಂಡ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಶಾಸನದ 4ನೆಯ ವಿಧಿಯು, ಲೈಂಗಿಕ ದೌರ್ಜನ್ಯವನ್ನು ವರದಿ ಮಾಡಿದವರ ಮೇಲೆ ಮೌನದ ಕಟ್ಟುಪಾಡನ್ನು ಹೇರುವುದನ್ನು ನಿಷೇಧಿಸುತ್ತದೆ. ಪರಿಷ್ಕೃತ ರೂಪದಲ್ಲಿ ಈ ರಕ್ಷಣೆ ಬಾಧಿತರಿಗೂ ಸಾಕ್ಷಿಗಳಿಗೂ ಉಂಟು. ಮಕ್ಕಳ ಮೇಲಿನ ದೌರ್ಜನ್ಯದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಬೇಕೆಂದು ನಮ್ಮ ದೇಶದ 2012ರ ಪೋಕ್ಸೋ ಕಾಯಿದೆಯ 19ನೆಯ ಸೆಕ್ಷನ್ ಹೇಳುತ್ತದೆ. ಇಲ್ಲಿ ಪಾಪನಿವೇದನೆಯ ಗೋಪ್ಯತೆಯ ಬಗ್ಗೆ ಗುರುವಿದ್ಯಾರ್ಥಿಗಳಲ್ಲಿ ಗೊಂದಲವಿರಬಾರದು. ಆ ಮುದ್ರೆ ಕಟ್ಟುವುದು ಪಾಪನಿವೇದನೆ ಕೇಳುವ ಗುರುವಿನ ಬಾಯಿಯನ್ನು; ನಿವೇದಿಸಿದವರ ಬಾಯಿಯನ್ನಲ್ಲ. ಅನ್ಯಾಯಕ್ಕೊಳಗಾದವರು ಸಂಸ್ಕಾರದೊಳಗೆ ಅದನ್ನು ಹೇಳಿಕೊಂಡರೆ, ಅದು ಅವರ ಪಾಪವಲ್ಲವೆಂದು ಸ್ಪಷ್ಟವಾಗಿ ತಿಳಿಸಿ, ಸಂಸ್ಕಾರದ ಹೊರಗೆ ತಕ್ಕವರ ಬಳಿ ಹೇಳಲು ಧೈರ್ಯ ತುಂಬುವುದು ಗುರುವಿನ ಕರ್ತವ್ಯ.

ನಾಲ್ಕನೆಯದು ನಮ್ಮ ಮನೆಯ ವಿಷಯ. ಗುರುಮಠದಲ್ಲಿ ಶಿಸ್ತಿನಿಂದ ಮೌನವಾಗಿರುವ ವಿದ್ಯಾರ್ಥಿ ಒಳ್ಳೆಯ ವಿದ್ಯಾರ್ಥಿಯೆಂದು ನಾವು ಬೇಗ ತೀರ್ಮಾನಿಸಿಬಿಡುತ್ತೇವೆ. ಅವನ ಮೌನ 62ನೆಯ ಕೀರ್ತನೆಯದೋ 39ನೆಯದೋ ಎಂದು ವಿಚಾರಿಸುವುದಿಲ್ಲ. ಒಬ್ಬಂಟಿಯಾಗಿ ಧರ್ಮಕೇಂದ್ರ ನೋಡಿಕೊಳ್ಳುವ ಗುರುವಿಗೂ ಇದು ಅನ್ವಯಿಸುತ್ತದೆ; ವರ್ಷಗಟ್ಟಲೆ ಯಾರ ಬಳಿಯೂ ಮನಬಿಚ್ಚದೆ ಇರುವುದನ್ನು ನಾವು ಗಾಂಭೀರ್ಯವೆಂದು ಹೊಗಳುತ್ತೇವೆ. ಪಾಶ್ಚಾತ್ಯ ಸನ್ಯಾಸದ ಮೌನಪರಂಪರೆಗೆ ಬುನಾದಿ ಹಾಕಿದ ಸಂತ ಬೆನೆಡಿಕ್ಟರ ನಿಯಮಾವಳಿಯ ಮೊದಲ ಪದವೇ ‘ಆಲಿಸು’. ರಾತ್ರಿಯ ಪ್ರಾರ್ಥನೆಯ ನಂತರ ಮಾತು ಬೇಡವೆನ್ನುವ ಅದೇ ನಿಯಮಾವಳಿ, ಮಠದ ಮುಖ್ಯ ವಿಷಯಗಳಲ್ಲಿ ಎಲ್ಲರನ್ನೂ ಸಭೆ ಕರೆಯಬೇಕೆನ್ನುತ್ತದೆ. ದೇವರು ಎಷ್ಟೋ ಸಲ ಕಿರಿಯನಿಗೇ ಮೇಲಾದುದನ್ನು ತೋರಿಸಿಕೊಡುತ್ತಾರೆಂಬ ಕಾರಣವನ್ನೂ ಕೊಡುತ್ತದೆ. ಕಿರಿಯರನ್ನು ಕೇಳುವ ಮನೆಯಲ್ಲಿ ಮೌನ ಸುರಕ್ಷಿತ. ಕೇಳದ ಮನೆಯಲ್ಲಿ ಅದೇ ನಿಯಮ ಕಿರಿಯರನ್ನು ಶೋಮೇಮಾ ಮಾಡಬಲ್ಲದು.

ಆಲಿಸುವ ಹೃದಯ

ದಾವೀದನ ಮನೆಯ ಕಥೆ 13ನೆಯ ಅಧ್ಯಾಯಕ್ಕೆ ಮುಗಿಯಲಿಲ್ಲ. ಅವನ ಇನ್ನೊಬ್ಬ ಮಗ ಸೊಲೊಮೋನನು ಸಿಂಹಾಸನವೇರಿದಾಗ ದೇವರಲ್ಲಿ ಬೇಡಿದ್ದು ‘ಲೇವ್ ಶೋಮೇಅ’, ಅಂದರೆ ಆಲಿಸುವ ಹೃದಯ (1 ಅರಸು 3:9). ಅನುವಾದಗಳಲ್ಲಿ ಇದು ಬಹುಮಟ್ಟಿಗೆ ವಿವೇಕ ಎಂದಾಗುವುದರಿಂದ ಧಾತುವಿನ ನಂಟು ಮರೆಯಾಗುತ್ತದೆ. ಕೇಳಲೊಪ್ಪದ ಅಣ್ಣ, ಕೇಳಿಯೂ ಕದಲದ ಅಪ್ಪ, ಕೇಳುವವರಿಲ್ಲವೆಂದು ಬಾಗಿಲಲ್ಲಿ ಸಾರಿದ ಇನ್ನೊಬ್ಬ ಅಣ್ಣ, ಇವರೆಲ್ಲ ಇದ್ದ ಮನೆಯಿಂದ ಬಂದವನು ಈ ವರವನ್ನೇ ಬೇಡಿದನೆಂಬುದರಲ್ಲಿ ಅರ್ಥವಿದೆ.

ಅದೇ ವಂಶದ ಇನ್ನೊಬ್ಬರ ಬಳಿ ಮುಂದೊಂದು ದಿನ ಜೆರಿಕೋವಿನ ದಾರಿಬದಿಯಲ್ಲಿ ಒಬ್ಬ ಕುರುಡನು ಕೂಗಿಟ್ಟನು. ಅವರನ್ನು ಅವನು ಕರೆದದ್ದೇ ದಾವೀದನ ಪುತ್ರರೆಂದು. ಸುತ್ತಲಿದ್ದ ಅನೇಕರು ಅವನಿಗೆ ಹೇಳಿದ್ದು ಸುಮ್ಮನಿರೆಂದು. ಅವನು ಇನ್ನೂ ಗಟ್ಟಿಯಾಗಿ ಕೂಗಿದನು. ಯೇಸುಸ್ವಾಮಿ ನಿಂತರು, ಅವನನ್ನು ಕರೆಸಿದರು, ಅವನಿಗೆ ಏನು ಬೇಕೆಂದು ಅವನ ಬಾಯಿಂದಲೇ ಕೇಳಿದರು (ಮಾರ್ಕ 10:46-52). ತಾಮಾರಳ ಕಥೆಯನ್ನು ಓದಿ ಈ ಪ್ರಸಂಗಕ್ಕೆ ಬಂದವರಿಗೆ, ದಾವೀದನ ಮನೆಯಲ್ಲಿ ಅಂದು ಆಗದೆ ಉಳಿದದ್ದು ಇಲ್ಲಿ ಆಗುವುದು ಕಾಣಿಸುತ್ತದೆ. ತಾಮಾರಳನ್ನು ಬಣ್ಣಿಸಿದ ಶೋಮೇಮಾ ಎಂಬ ಪದವೂ ಯೆಶಾಯನ ಗ್ರಂಥದಲ್ಲಿ ಮತ್ತೆ ಬರುತ್ತದೆ. ಹಾಡಿ ಹರ್ಷಿಸಲು ಕರೆಬಂದವಳನ್ನು, ಲೆಕ್ಕವಿಲ್ಲದಷ್ಟು ಮಕ್ಕಳ ವಾಗ್ದಾನ ಪಡೆದವಳನ್ನು ಪ್ರವಾದಿ ಅದೇ ಪದದಿಂದ ಕರೆಯುತ್ತಾನೆ (ಯೆಶಾ 54:1).

ಸೊಲೊಮೋನನ ಈ ಪ್ರಾರ್ಥನೆ ವಾಚನಗ್ರಂಥದಲ್ಲಿ ಬರುವುದು ಸಾಧಾರಣ ಕಾಲದ ನಾಲ್ಕನೆಯ ವಾರದ ಶನಿವಾರ. ತಾಮಾರಳ ಅಧ್ಯಾಯವನ್ನು ಬಿಟ್ಟು ಮುಂದೆ ಸಾಗುವ ಸೋಮವಾರದಿಂದ ಆರಂಭವಾದ ಅದೇ ವಾರದಲ್ಲಿ. ಆ ವಾರ ಬಂದಾಗ, ಭಾನುವಾರದ ಸಂಜೆ 13ನೆಯ ಅಧ್ಯಾಯವನ್ನು ಗುರುಮಠದಲ್ಲಾಗಲಿ ಧರ್ಮಕೇಂದ್ರದ ಬೈಬಲ್ ಕೂಟದಲ್ಲಾಗಲಿ ಗಟ್ಟಿಯಾಗಿ ಓದಿಸಬಹುದು. ಓದಿದ ಮೇಲೆ ವಿವರಣೆಗೆ ಆತುರಪಡದೆ ಸ್ವಲ್ಪ ಹೊತ್ತು ಮೌನವಾಗಿ ಕುಳಿತು, ಬಾಯಿ ತೆರೆಯುವವರಿಗಾಗಿ ಕಾಯಬಹುದು.